ಜಿಪ್ ಮಾಡಿ ಇಟ್ಟಿದ್ದೀನಿ ಅನ್ನುವವರಿಗೆ

"ಅಣ್ಣಾ, ನಮ್ ತಾತಂದು ಹಾಡು ನಿಮ್ಮತ್ರ ಅವಂತಲ್ಲ, ಒಸಿ ವಾಟ್ಸಾಪಲ್ಲಿ ಹಾಕಣ್ಣ."

ಫೋನ್ ಮಾಡಿದವನು ನಮ್ಮೂರಿನ ಭಾಗವತರ ಮೊಮ್ಮಗ. ಭಾಗವತರು ಅಂದರೆ ಮೂಡಲಪಾಯದ ಭಾಗವತರು. ಯಕ್ಷಗಾನ ಅಂದ ಕೂಡಲೇ ಕರಾವಳಿ ಕಡೆ ಮುಖ ಮಾಡುವ ಬೆಂಗಳೂರಿನ ಗೆಳೆಯರಿಗೆ ಇದನ್ನು ಪ್ರತಿ ಸಲ ಬಿಡಿಸಿ ಹೇಳಬೇಕಾಗುತ್ತೆ: ತುಮಕೂರು, ಮಂಡ್ಯ, ಹಾಸನದ ಕಡೆಗೂ ಒಂದು ಯಕ್ಷಗಾನ ಇದೆ, ಅದರಲ್ಲಿ ಮುಖವೀಣೆ ನುಡಿಸುತ್ತಾರೆ, ರಾತ್ರಿಯಿಡೀ ಕರಿಭಂಟನ ಕಾಳಗ ಆಡುತ್ತಾರೆ, ಆಡುತ್ತಿದ್ದರು. ಆ ಮುದುಕರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಅವರ ದನಿ ಇರುವುದು ಒಂದೇ ಕಡೆ, ನನ್ನ ಹತ್ತಿರ. "ಹೂಂ ಕಣಪ್ಪ, ಜೋಪಾನವಾಗಿ ಇಟ್ಟಿದ್ದೀನಿ, ಸಾಯಂಕಾಲ ಕಳಿಸ್ತೀನಿ" ಅಂದೆ. ಅಂದದ್ದು ಪೂರ್ತಿ ನಂಬಿಕೆಯಿಂದಲೇ.

ಆ ಸಾಯಂಕಾಲ ಏನಾಯಿತು ಅಂತ ಹೇಳುವ ಮೊದಲು 2007ಕ್ಕೆ ಹೋಗಬೇಕು. ಬಿಇ ಓದುತ್ತಿದ್ದೆ. ರೂಮ್‌ಮೇಟ್‌ನ ಭಾವ ಹೊರದೇಶದಿಂದ ತಂದುಕೊಟ್ಟಿದ್ದ ಒಂದು ವಾಯ್ಸ್ ರೆಕಾರ್ಡರನ್ನು ಕಾಡಿ ಬೇಡಿ ಇಸಕೊಂಡು ಊರಿಗೆ ಹೋಗಿ, ಮೂರು ರಾತ್ರಿ ದೇವಸ್ಥಾನದ ಜಗಲಿ ಮೇಲೆ ಭಾಗವತರನ್ನು ಕೂರಿಸಿ ಹಾಡಿಸಿದೆ. ಹನ್ನೊಂದು ಗಂಟೆ ಆಯಿತು. ಕೊನೆಯ ರಾತ್ರಿ ಅವರು ಹಾಡು ನಿಲ್ಲಿಸಿ, ಎಲೆಅಡಿಕೆ ಹಾಕಿಕೊಂಡು, ಯಾವ ಮಟ್ಟನ್ನು ಯಾರಿಂದ ಕಲಿತೆ, ಯಾವುದನ್ನು ಯಾರೂ ಕಲಿಸದೆ ತಾವೇ ಕದ್ದು ಕೇಳಿ ಕಲಿತೆ ಅಂತೆಲ್ಲ ಹೇಳಿದರು. ಹದಿನಾಲ್ಕು ಫೈಲು, ಒಟ್ಟು 79 ಎಂಬಿ. ಫೈಲಿನ ಬಾಲದಲ್ಲಿ ಇದ್ದದ್ದು ಆ ರೆಕಾರ್ಡರ್ ಕಂಪನಿಯದೇ ಮೂರಕ್ಷರ. ಅವರ ಸಿಡಿಯಲ್ಲಿ ಬಂದ ಸಾಫ್ಟ್‌ವೇರ್‌ನಲ್ಲಿ ಮಾತ್ರ ಓಡುತ್ತಿತ್ತು. ಓಡುತ್ತಿತ್ತಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಆಮೇಲೆ ನಾನು ಮಾಡಿದ್ದು ಕಂಪ್ಯೂಟರ್ ಓದುತ್ತಿದ್ದ ಪ್ರತಿಯೊಬ್ಬ ಹುಡುಗ ಆಗ ಮಾಡುತ್ತಿದ್ದ ಕೆಲಸ. ಎಲ್ಲವನ್ನೂ ರಾರ್ ಮಾಡಿದೆ. ಇನ್ನೂ ಸಣ್ಣದಾಗುತ್ತೆ ಅಂತ ಯಾರೋ ಹೇಳಿದ್ದಕ್ಕೆ 'ಸಾಲಿಡ್' ಅನ್ನುವ ಜಾಗದಲ್ಲಿ ಟಿಕ್ ಹಾಕಿದೆ. ಹೆಚ್ಚುಕಡಿಮೆ ಅದೇ 79 ಎಂಬಿ ಉಳಿಯಿತು. ಮೇಲ್‌ನಲ್ಲಿ ದೊಡ್ಡ ಫೈಲ್ ಹೋಗುತ್ತಿರಲಿಲ್ಲ, ಅದಕ್ಕೆ ಒಂಬತ್ತು ಒಂಬತ್ತು ಎಂಬಿಯಂತೆ ಒಂಬತ್ತು ತುಂಡು ಮಾಡಿ ಬ್ರೌಸಿಂಗ್ ಸೆಂಟರ್‌ನಲ್ಲಿ ಕೂತು ನನಗೆ ನಾನೇ ಮೇಲ್ ಮಾಡಿಕೊಂಡೆ. ರೆಕಾರ್ಡರ್ ವಾಪಸ್ ಕೊಟ್ಟೆ. ಹಾಸ್ಟೆಲ್ ಕಂಪ್ಯೂಟರಿಗೆ ವೈರಸ್ ಬಂದು ಫಾರ್ಮ್ಯಾಟ್ ಆಯಿತು. ಪರವಾಗಿಲ್ಲ, ಮೇಲ್‌ನಲ್ಲಿ ಜೋಪಾನವಾಗಿದೆ.

ಈಗ ಆ ಸಾಯಂಕಾಲ. ಮೇಲ್ ಹುಡುಕಿ ಒಂಬತ್ತು ಅಟ್ಯಾಚ್‌ಮೆಂಟ್ ಇಳಿಸಿಕೊಂಡೆ. ಐದನೆಯ ತುಂಡು ಎರಡು ಸಲ ಇತ್ತು. ಆರನೆಯದು ಇರಲಿಲ್ಲ. ಬ್ರೌಸಿಂಗ್ ಸೆಂಟರಿನ ಗಡಿಬಿಡಿಯಲ್ಲಿ ಐದನ್ನೇ ಎರಡು ಸಲ ಅಂಟಿಸಿ ಕಳಿಸಿದ್ದೆ. ಸಾಲಿಡ್ ಅಂದರೆ ಎಲ್ಲ ಫೈಲನ್ನೂ ಒಂದೇ ಉದ್ದದ ಹಗ್ಗದ ಹಾಗೆ ಹೊಸೆಯೋದು. ನಡುವೆ ಹರಿದರೆ ಆಚೆ ಕಡೆಯದೆಲ್ಲ ಬರೀ ನಾರು. ಏಳು, ಎಂಟು, ಒಂಬತ್ತನೆಯ ತುಂಡು ನನ್ನ ಕಣ್ಣ ಮುಂದೆಯೇ ಇದ್ದವು, ಉಪಯೋಗಕ್ಕೆ ಬರಲಿಲ್ಲ. ಏಳು ಫೈಲು ಪೂರ್ತಿ ಬಂದವು, ಎಂಟನೆಯದು ಅರ್ಧ ಬಂತು. ಭಾಗವತರು ಮಟ್ಟುಗಳ ಬಗ್ಗೆ ಹೇಳಿದ್ದೆಲ್ಲ ಕೊನೆಯ ಫೈಲುಗಳಲ್ಲಿತ್ತು.

ಬಂದದ್ದೂ ಎಲ್ಲಿ ಓಡಿತು? ರೆಕಾರ್ಡರಿನ ಸಾಫ್ಟ್‌ವೇರ್ ಈಗಿನ ವಿಂಡೋಸ್‌ನಲ್ಲಿ ಕೂರಲೇ ಇಲ್ಲ. ಇನ್ಯಾವ ಪ್ಲೇಯರ್‌ಗೂ ಆ ಬಾಲ ಗುರುತೇ ಸಿಗಲಿಲ್ಲ.

ಆರನೆಯ ತುಂಡು ಹೋದದ್ದು ನನ್ನ ತಪ್ಪು, ಅದರಲ್ಲಿ ವಾದ ಇಲ್ಲ. ಆದರೆ ಈ ಎರಡನೆಯ ಪೆಟ್ಟಿಗೂ ನನ್ನ ಅಜಾಗ್ರತೆಗೂ ಸಂಬಂಧ ಇಲ್ಲ. ಒಂಬತ್ತೂ ತುಂಡು ಇದ್ದಿದ್ದರೂ ಅಷ್ಟೇ ಆಗುತ್ತಿತ್ತು. ನನ್ನ ಜಗಳ ಇರುವುದು ಇದರ ಜೊತೆ. "ಜಿಪ್ ಮಾಡಿ ಇಟ್ಟಿದ್ದೀನಿ" ಅನ್ನುವ ಮಾತು ನಮ್ಮ ಬಾಯಲ್ಲಿ "ಕಾಪಾಡಿ ಇಟ್ಟಿದ್ದೀನಿ" ಅನ್ನುವ ಅರ್ಥ ಪಡೆದುಕೊಂಡುಬಿಟ್ಟಿದೆ. ಅದು ಸುಳ್ಳು. ಸುಳ್ಳು ಅಂತ ಗೊತ್ತಿರಬೇಕಾದವರು ನಾವು, ಇದೇ ಕಸುಬಿನವರು. ನಾವೇ ಅದನ್ನು ಊರಿಗೆಲ್ಲ ಕಲಿಸಿದ್ದು.

ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗೆ ಗುಂಡಿ ತೋಡಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಬಳಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಒಣಗಿಸಿದ ರಾಗಿ ತುಂಬಿದರೆ ಮಾತ್ರ. ಹಸಿ ರಾಗಿ ತುಂಬಿ ಎಷ್ಟು ಚೆನ್ನಾಗಿ ಬಾಯಿ ಮುಚ್ಚಿದರೂ ತೆಗೆದಾಗ ಸಿಗುವುದು ಮುಗ್ಗಲು. ಕಂಪನಿಯ ಬೀಗ ಹಾಕಿದ ಆಡಿಯೋವನ್ನು ಜಿಪ್‌ಗೆ ತುಂಬುವುದೂ ಹಾಗೇ.

ಜಿಪ್‌ನ ಬಗ್ಗೆ ನನಗೆ ಸಿಟ್ಟಿಲ್ಲ, ನಿಜ ಹೇಳಬೇಕು ಅಂದರೆ ಗೌರವವೇ ಇದೆ. ಫಿಲ್ ಕಾಟ್ಜ್ ಅನ್ನುವ ಮನುಷ್ಯ 1989ರಲ್ಲಿ ಅದನ್ನು ಮಾಡಿ, ಒಳಗೆ ಏನೇನು ಎಲ್ಲೆಲ್ಲಿ ಇರುತ್ತೆ ಅಂತ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಅವನು 2000ದಲ್ಲಿ ಸತ್ತ. ಜಿಪ್ ಇವತ್ತಿಗೂ ಫೋನಿನಿಂದ ಹಿಡಿದು ಎಲ್ಲದರಲ್ಲೂ ಬಿಚ್ಚಿಕೊಳ್ಳುತ್ತೆ. ವಿವರಣೆ ಬಯಲಲ್ಲಿ ಇದ್ದರೆ ಮಾಡಿದವನು ಇಲ್ಲದಿದ್ದರೂ ವಸ್ತು ಬದುಕುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತಮಾಷೆ ನೋಡಿ, ಅಂಥ ಡಬ್ಬಿಯೊಳಗೆ ನಾವು ಹಾಕಿಡುವುದು ವಿವರಣೆಯನ್ನೇ ಬಚ್ಚಿಟ್ಟ ಫೈಲುಗಳನ್ನು.

ಇನ್ನು ಜಾಗ ಉಳಿಯುತ್ತೆ ಅನ್ನುವ ವಾದ. ಇದನ್ನು ಎಷ್ಟು ಜನ ಇಂಜಿನಿಯರುಗಳ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಜಿಪ್ ಮಾಡುವ ಕೆಲಸ ಸರಳ. ಹಿಂದಿನ 32 ಕೆಬಿಯಷ್ಟು ದೂರದಲ್ಲಿ ಇದೇ ಅಕ್ಷರಸಾಲು ಬಂದಿತ್ತಾ ಅಂತ ನೋಡುತ್ತೆ, ಬಂದಿದ್ದರೆ ಮತ್ತೆ ಬರೆಯದೆ 'ಅಲ್ಲಿ ನೋಡಿಕೋ' ಅಂತ ಗುರುತು ಹಾಕುತ್ತೆ. ಬರಹಕ್ಕೆ, ಲಾಗ್ ಫೈಲಿಗೆ, ಎಕ್ಸೆಲ್ ಶೀಟಿನಂಥದಕ್ಕೆ ಇದು ಸೊಗಸಾಗಿ ಒಗ್ಗುತ್ತೆ. ಎಂಪಿ3, ಎಎಂಆರ್, ರೆಕಾರ್ಡರ್ ಕಂಪನಿಗಳ ಸ್ವಂತ ಫಾರ್ಮ್ಯಾಟು ಇವೆಲ್ಲ ಆಗಲೇ ಹಿಂಡಿ ಹಿಪ್ಪೆ ಮಾಡಿದ ಸರಕು. ಗಾಣದಿಂದ ಬಂದ ಹಿಂಡಿಯನ್ನು ಮತ್ತೆ ಗಾಣಕ್ಕೆ ಹಾಕಿದರೆ ಎಷ್ಟು ಎಣ್ಣೆ ಬಂದೀತು? ಹಿಂಡದೇ ಇರುವ ವೇವ್ ಫೈಲನ್ನು ಜಿಪ್ ಮಾಡಿದರೂ ಹೆಚ್ಚು ದಕ್ಕುವುದಿಲ್ಲ, ಯಾಕೆಂದರೆ ಮನುಷ್ಯನ ದನಿ ಒಂದೇ ಅಲೆಯನ್ನು ಚೂರೂ ವ್ಯತ್ಯಾಸವಿಲ್ಲದೆ ಎರಡು ಸಲ ಹೊರಡಿಸುವುದಿಲ್ಲ. ಅದಕ್ಕೆ ಅಂತಲೇ ಫ್ಲಾಕ್ ಇದೆ, 2001ರಿಂದ ಇದೆ. ಅದು ಹಿಂದಿನ ಕೆಲವು ಬಿಂದು ನೋಡಿ ಮುಂದಿನ ಬಿಂದು ಎಲ್ಲಿ ಬಿದ್ದೀತು ಅಂತ ಊಹಿಸಿ, ಊಹೆ ಎಷ್ಟು ತಪ್ಪಿತು ಅನ್ನುವುದನ್ನಷ್ಟೇ ಬರೆದಿಡುತ್ತೆ. ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಒಂದು ಬಿಟ್ಟೂ ಕಳೆಯುವುದಿಲ್ಲ. ಪುಕ್ಕಟೆ, ಬಯಲು, ಯಾರಪ್ಪನ ಅಪ್ಪಣೆಯೂ ಬೇಡ.

ನಾನು ಉಳಿಸಲು ಹೋದ ಜಾಗ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಆ ರೆಕಾರ್ಡರ್ ಹಿಡಿಯುತ್ತಿದ್ದದ್ದು ಫೋನಿನ ಗುಣಮಟ್ಟದ ದನಿ, ಸೆಕೆಂಡಿಗೆ ಎಂಟು ಸಾವಿರ ಬಿಂದು, ಒಂದೊಂದು ಬಿಂದುವಿಗೆ ಎರಡು ಬೈಟು. ಹನ್ನೊಂದು ಗಂಟೆಯನ್ನು ಹಾಗೇ ಹಿಂಡದೆ ವೇವ್ ಮಾಡಿದ್ದರೂ 634 ಎಂಬಿ. ಒಂದು ಸಿಡಿಯಲ್ಲಿ ಹಿಡಿಯುತ್ತಿತ್ತು. ಹಾಸ್ಟೆಲ್ ಎದುರಿನ ಅಂಗಡಿಯಲ್ಲಿ ಸಿಕ್ಕುತ್ತಿದ್ದ ಒಂದು ಸಿಡಿ!

ಇದು ನಮಗೇನು ಹೊಸ ಕಾಯಿಲೆ ಅಲ್ಲ. ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ಹಳೇ ನುಡಿಯಲ್ಲೋ ಶ್ರೀಲಿಪಿಯಲ್ಲೋ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದಾಗ ಕಾಣುವ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ ನೆನಪಿದೆಯಲ್ಲ? ಅಪ್ಪನ ಪಹಣಿ ಅರ್ಜಿಯೋ, ಯಾರದೋ ಕಥಾಸಂಕಲನವೋ ಹಾಗೆ ಕಲಸುಮೇಲೋಗರ ಆಗಿರುತ್ತಿತ್ತು. ಅಕ್ಷರಕ್ಕೆ ಯೂನಿಕೋಡ್ ಬೇಕು ಅಂತ ಜಗಳ ಆಡಿದ ನಾವು ದನಿಯ ವಿಷಯಕ್ಕೆ ಬಂದಾಗ ಬಾಯಿ ಮುಚ್ಚಿಕೊಂಡಿದ್ದೀವಿ. ಕಲಸಿಹೋದ ಅಕ್ಷರ ಕಣ್ಣಿಗಾದರೂ ಕಾಣುತ್ತೆ. ಓಡದ ಆಡಿಯೋ ಫೈಲು ಕಾಣುವುದೂ ಇಲ್ಲ, ಫೋಲ್ಡರಿನಲ್ಲಿ ಸುಮ್ಮನೆ ಬಿದ್ದಿರುತ್ತೆ. ಪಾಸ್‌ವರ್ಡ್ ಹಾಕಿದ ಜಿಪ್ ಇನ್ನೂ ಕ್ರೂರ. ಒಳಗಿನ ಫೈಲುಗಳ ಹೆಸರು ಬಿಚ್ಚದೆಯೇ ಕಾಣುತ್ತವೆ. ಯಾರು ಹಾಡಿದ್ದು, ಯಾವ ಊರು, ಎಲ್ಲ ಓದಬಹುದು, ಕೇಳುವ ಹಾಗಿಲ್ಲ. ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ಒಬ್ಬರು ಕೆಲಸ ಬಿಟ್ಟು ಹೋಗಿರುತ್ತಾರೆ.

ಈಗ ನನ್ನ ಇನ್ನೊಂದು ತಪ್ಪೊಪ್ಪಿಗೆ. ಮೊದಲ ಕೆಲಸ ಮಾಡುತ್ತಿದ್ದ ಕಡೆ ಫೋನಿಗೆ ಒಂದು ರೆಕಾರ್ಡಿಂಗ್ ಆ್ಯಪ್ ಮಾಡಿದ್ದೆವು. ಒಳಗಿದ್ದದ್ದು ಮಾಮೂಲಿ ಎಎಂಆರ್, ಎಲ್ಲ ಫೋನಿನಲ್ಲೂ ಓಡುವಂಥದು. "ಯೂಸರ್ ನಮ್ಮನ್ನ ಬಿಟ್ಟು ಹೋಗಬಾರದು" ಅಂತ ಮೇಲಿನಿಂದ ಮಾತು ಬಂತು. ಫೈಲಿನ ತಲೆಯ ಒಂದಿಷ್ಟು ಬೈಟನ್ನು ಕಲಸಿ, ನಮ್ಮ ಹೆಸರಿನ ಬಾಲ ಅಂಟಿಸುವ ಕೋಡ್ ಬರೆದವನು ನಾನೇ. ಒಂದು ಮಧ್ಯಾಹ್ನದ ಕೆಲಸ. ಟೆಕ್ನಾಲಜಿ ಅಂತ ಅದರಲ್ಲಿ ಏನೂ ಇರಲಿಲ್ಲ, ಬರೀ ಕಿಡಿಗೇಡಿತನ. ಎರಡು ವರ್ಷಕ್ಕೆ ಆ ಸರ್ವಿಸ್ ಮುಚ್ಚಿತು. ಮುಚ್ಚುವಾಗ ಬಹಳ ಮರ್ಯಾದಸ್ಥರ ಹಾಗೆ 'ನಿಮ್ಮ ಡೇಟಾ ಇಳಿಸಿಕೊಳ್ಳಿ' ಅನ್ನುವ ಗುಂಡಿ ಇಟ್ಟೆವು. ಒತ್ತಿದವರಿಗೆ ಒಂದು ಜಿಪ್ ಸಿಗುತ್ತಿತ್ತು. ಜಿಪ್ ಬಿಚ್ಚಿದರೆ ನಮ್ಮ ಬಾಲದ ಫೈಲುಗಳು. ಅವು ಓಡುತ್ತಿದ್ದದ್ದು ನಮ್ಮ ಆ್ಯಪ್‌ನಲ್ಲಿ ಮಾತ್ರ, ಆ್ಯಪ್ ಮುಚ್ಚಿತ್ತು. ಕೊಟ್ಟೆವು ಅಂತಲೂ ಆಯಿತು, ಕೊಡಲಿಲ್ಲ ಅಂತಲೂ ಆಯಿತು. ಆ ಜಿಪ್‌ಗಳಲ್ಲಿ ಯಾರ್ಯಾರ ಅಮ್ಮಂದಿರ ದನಿ ಇತ್ತೋ.

ಇದನ್ನು ಹೇಳಿದರೆ ಆಫೀಸಿನಲ್ಲಿ ಒಬ್ಬ ಹೇಳಿದ: "ಅಯ್ಯೋ ಬಿಡಿ ಗುರು, ಯಾರಾದರೂ ರಿವರ್ಸ್ ಇಂಜಿನಿಯರ್ ಮಾಡ್ತಾರೆ." ಮಾಡುತ್ತಾರೆ, ಹೌದು. ಒಲಿಂಪಸ್, ಫಿಲಿಪ್ಸ್, ಗ್ರುಂಡಿಗ್ ಸೇರಿ ಡಿಎಸ್ಎಸ್ ಅಂತ ಡಿಕ್ಟೇಷನ್‌ಗೆ ಒಂದು ಫಾರ್ಮ್ಯಾಟ್ ಮಾಡಿದವು. ವಕೀಲರು, ಡಾಕ್ಟರರು ಬಳಸುತ್ತಿದ್ದದ್ದು. ಹೆಸರಲ್ಲೇ 'ಸ್ಟ್ಯಾಂಡರ್ಡ್' ಇದೆ. ಅದರ ಒಂದು ಬಗೆ ಇವತ್ತು ಎಫ್ಎಫ್ಎಂಪೆಗ್‌ನಲ್ಲಿ ಓಡುತ್ತೆ ಅಂದರೆ ಅದು ಸಂಬಳ ಇಲ್ಲದೆ ಕೂತು ಬೈಟು ಬೈಟು ಬಿಡಿಸಿದವರ ಪುಣ್ಯ. ಸೋನಿಯ ಮಿನಿಡಿಸ್ಕ್ ಕಥೆಯೂ ಅಷ್ಟೇ. 1992ರಲ್ಲಿ ಬಂದ ಅದರಲ್ಲಿ ನೀವೇ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿಗೆ ಹಾಗೇ ಇಳಿಸಿಕೊಳ್ಳುವ ಹಾಗಿರಲಿಲ್ಲ. ಹೆಡ್‌ಫೋನ್ ಕಿಂಡಿಗೆ ಕೇಬಲ್ ಚುಚ್ಚಿ, ಒಂದು ಗಂಟೆಯ ಹಾಡಿಗೆ ಒಂದು ಗಂಟೆ ಕಾಯಬೇಕಿತ್ತು. ಹಳೆಯ ಡಿಸ್ಕುಗಳನ್ನು ಇಳಿಸಿಕೊಡುವ ಯಂತ್ರವನ್ನು ಆ ಕಂಪನಿ ಬಿಟ್ಟದ್ದು 2006ರಲ್ಲಿ, ಆ ಹೊತ್ತಿಗೆ ಮಿನಿಡಿಸ್ಕಿನ ಕಾಲ ಮುಗಿಯುತ್ತಾ ಬಂದಿತ್ತು. ಯಾರೋ ಬಿಡಿಸುತ್ತಾರೆ ಅಂತ ಕಾಯುವುದು ಜಗತ್ತಿನಲ್ಲಿ ಬಹಳ ಜನ ಬಳಸಿದ ಫಾರ್ಮ್ಯಾಟಿಗೆ ಸರಿ. ಸಣ್ಣ ಆ್ಯಪ್ ಒಂದರ ಬಾಲವನ್ನು ಯಾವ ಪುಣ್ಯಾತ್ಮ ಕೂತು ಬಿಡಿಸುತ್ತಾನೆ? ನನ್ನ ಕೋಡ್ ಈಗ ನನ್ನ ಹತ್ತಿರವೇ ಇಲ್ಲ.

ಇದಕ್ಕೆ ಎದುರಾಗಿ ಕ್ಯಾಸೆಟ್ ಇಡಿ. ಫಿಲಿಪ್ಸ್ 1963ರಲ್ಲಿ ಅದನ್ನು ತಂದು, ಬೇರೆ ಕಂಪನಿಗಳೂ ದುಡ್ಡು ಕೊಡದೆ ಮಾಡಿಕೊಳ್ಳಲಿ ಅಂತ ಬಿಟ್ಟಿತು. ಅದೇ ಫಿಲಿಪ್ಸ್! ಹಾಗಾಗಿಯೇ ನಮ್ಮೂರಿನ ಜಾತ್ರೆಯಲ್ಲೂ ಖಾಲಿ ಕ್ಯಾಸೆಟ್ ಸಿಗುತ್ತಿತ್ತು. ಯಾರ ಮನೆಯ ಅಟ್ಟದ ಮೇಲಿನ ಕ್ಯಾಸೆಟ್ಟನ್ನಾದರೂ ಬೂಷ್ಟು ಒರೆಸಿ ಯಾವ ಕಂಪನಿಯ ಟೇಪ್ ರೆಕಾರ್ಡರಿಗೆ ಹಾಕಿದರೂ, ಕರಕರ ಅಂದರೂ, ಹಾಡುತ್ತೆ. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಗಾಗಿ ನೂರು ವರ್ಷದ ಹಿಂದೆ ಮಾಡಿಸಿದ ಗ್ರಾಮಫೋನ್ ತಟ್ಟೆಗಳನ್ನು ಇವತ್ತು ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಕೂತಲ್ಲೇ ಕೇಳಬಹುದು. ನೂರು ವರ್ಷದ ಅರಗಿನ ತಟ್ಟೆ ಮಾತಾಡುತ್ತೆ, 2007ರ ಡಿಜಿಟಲ್ ಫೈಲು ಮಾತಾಡುವುದಿಲ್ಲ. ಇದನ್ನು ಮುಂದುವರಿದದ್ದು ಅಂತ ಕರೆಯಲು ನನಗೆ ನಾಚಿಕೆ ಆಗುತ್ತೆ.

'ವೇವ್ ಕೂಡ ಕಂಪನಿಯದೇ ಅಲ್ವಾ' ಅನ್ನಬಹುದು. ಹೌದು, 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಮಾಡಿದ್ದು. ಮಾಡಿದವರು ಯಾರು ಅನ್ನುವುದು ಪ್ರಶ್ನೆಯೇ ಅಲ್ಲ, ಅದರ ವಿವರಣೆ ಎಲ್ಲರ ಕೈಗೂ ಸಿಗುತ್ತಾ ಅನ್ನುವುದು ಪ್ರಶ್ನೆ. ವೇವ್ ಫೈಲಿನ ಶುರುವಿನಲ್ಲಿ ಸಾಮಾನ್ಯವಾಗಿ 44 ಬೈಟಿನ ಪೀಠಿಕೆ, ಆಮೇಲೆ ಬರೀ ಸಂಖ್ಯೆಗಳ ಸಾಲು. ಪೀಠಿಕೆ ಅಳಿಸಿಹೋದರೂ ಅಂದಾಜಿನ ಮೇಲೆ ಓಡಿಸಬಹುದು. ಆಡಿಯೋ ಕಾಪಾಡುವುದನ್ನೇ ಕಸುಬು ಮಾಡಿಕೊಂಡ ಜಗತ್ತಿನ ದೊಡ್ಡ ಸಂಗ್ರಹಾಲಯಗಳು ವೇವ್‌ನಲ್ಲೇ ಇಡುವುದು ಸುಮ್ಮನೆ ಅಲ್ಲ.

ಹಾಗಂತ ನೀವೆಲ್ಲ ಸಂಗ್ರಹಾಲಯ ತೆರೆಯಿರಿ ಅಂತ ನಾನು ಹೇಳುತ್ತಿಲ್ಲ. ಫೋನಿನ ರೆಕಾರ್ಡರ್ ಆ್ಯಪ್ ತೆಗೆದು ಸೆಟ್ಟಿಂಗ್ಸ್‌ನಲ್ಲಿ ಅದು ಯಾವ ಬಾಲದಲ್ಲಿ ಉಳಿಸುತ್ತಿದೆ ನೋಡಿ. ಬೇರೆ ಕಂಪನಿಯ ಪ್ಲೇಯರಿನಲ್ಲಿ ಓಡದ ಬಾಲ ಆಗಿದ್ದರೆ ಆ ಆ್ಯಪ್ ಇನ್ನೂ ಬದುಕಿರುವಾಗಲೇ ವೇವ್‌ಗೋ ಫ್ಲಾಕ್‌ಗೋ ಬದಲಾಯಿಸಿಕೊಳ್ಳಿ. ಕೇಳುವುದಕ್ಕೆ ಎಂಪಿ3 ಒಂದು ಮಾಡಿಕೊಳ್ಳಿ, ಅದರ ಪೇಟೆಂಟ್ ಕಾಟವೂ 2017ಕ್ಕೆ ಮುಗಿದಿದೆ. ಅದೊಂದನ್ನೇ ನಂಬಿಕೊಂಡು ಮೂಲವನ್ನು ಅಳಿಸಬೇಡಿ. ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲು, ಯೂನಿಕೋಡ್ ಕನ್ನಡದಲ್ಲಿ: ಯಾರ ದನಿ, ಯಾವ ಊರು, ಯಾವತ್ತು. ಇಷ್ಟಾದ ಮೇಲೆ ಜಿಪ್ ಮಾಡುವುದಾದರೆ ಧಾರಾಳವಾಗಿ ಮಾಡಿ. ಹಿಂಡದೆ ಬರೀ ಕಟ್ಟಿಡುವ ಆಯ್ಕೆ ಅದರಲ್ಲಿದೆ. ಫೈಲು ಕೆಟ್ಟರೆ ಕೆಟ್ಟಿದೆ ಅಂತ ಹೇಳುವ ತಾಳೆಲೆಕ್ಕವೂ ಇದೆ, ಅದು ನಿಜವಾಗಿ ಉಪಯೋಗದ್ದು. ಪಾಸ್‌ವರ್ಡು, ತುಂಡು, ಸಾಲಿಡ್ಡು ಇವು ಬೇಡ. ಮತ್ತೆ ನಮ್ಮ ಕಸುಬಿನವರಿಗೆ ಒಂದು ಮಾತು. 'ನಮ್ಮದೇ ಬಾಲ ಇರಲಿ' ಅಂತ ಮೀಟಿಂಗಿನಲ್ಲಿ ಬಂದಾಗ ಕೈ ಎತ್ತಿ ಬೇಡ ಅನ್ನಿ. ನಾನು ಎತ್ತಲಿಲ್ಲ.

ಕೊನೆಗೆ ಏನಾಯಿತು ಅಂದರೆ, ಸಹೋದ್ಯೋಗಿಯೊಬ್ಬರ ಮನೆಯ ಅಟ್ಟದಲ್ಲಿ ಎಕ್ಸ್‌ಪಿ ಇರುವ ಹಳೇ ಲ್ಯಾಪ್‌ಟಾಪ್ ಸಿಕ್ಕಿತು. ಬ್ಯಾಟರಿ ಸತ್ತಿತ್ತು, ಚಾರ್ಜರ್ ಚುಚ್ಚಿದರೆ ಜೀವ ಬರುತ್ತಿತ್ತು. ಹಳೇ ರೂಮ್‌ಮೇಟ್ ಆ ರೆಕಾರ್ಡರಿನ ಸಿಡಿಯನ್ನು ಇನ್ನೂ ಎಸೆದಿರಲಿಲ್ಲ. ಸಾಫ್ಟ್‌ವೇರ್ ಕೂತಿತು. ಭಾಗವತರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಮೆನು ತೆಗೆದು ನೋಡಿದೆ. 'ವೇವ್ ಆಗಿ ಉಳಿಸು' ಅಂತ ಮೂರನೆಯ ಸಾಲಿನಲ್ಲೇ ಇತ್ತು. ಅದೇ ಸಿಡಿ, ಅದೇ ಸಾಫ್ಟ್‌ವೇರ್. 2007ರಲ್ಲೂ ಅದು ಅಲ್ಲೇ ಇತ್ತು.

ಏಳೂವರೆ ಫೈಲನ್ನು ಬದಲಾಯಿಸಿ ಹುಡುಗನಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ಫೋನ್ ಬಂತು. ಹಿಂದೆ ಅವರಮ್ಮ, ಚಿಕ್ಕಪ್ಪ ಎಲ್ಲ ಕೂತು ಕೇಳುತ್ತಿರುವ ಸದ್ದು.

"ಅಣ್ಣಾ, ಎಂಟ್ನೇದು ಅರ್ಧಕ್ಕೇ ನಿಂತೋಗ್ತಾ ಐತೆ. ನೆಟ್‌ವರ್ಕ್ ಸರೀಗಿಲ್ಲ ಅನ್ಸುತ್ತೆ. ಇನ್ನೊಂದ್ ಸಲ ಕಳ್ಸಣ್ಣ."